ಮೊದಲು ಮೈನಸ್

ಎಲ್ಲ ಆಫ್ ಮಾಡಿಯೇ ಬೀಗ ಹಾಕಿದ್ದು, ಐತಪ್ಪ,
ಎಂದರು ಐರಿನ್ ಟೀಚರ್.
ಆದರೂ ಎರಡು ಮಳೆಗಾಲಕ್ಕೆ ಎರಡು ಬ್ಯಾಟರಿ ಸತ್ತಿತು.
ಯಾರು ಕುಡಿಯುವುದು ಒಳಗೆ ಕೂತು?

ಗಾಡಿಯೆಂದರೆ ಎರಡು ಚಕ್ರದ ಮೇಲೊಂದು ಕೋಣೆ.
ಜೀಪಿನ ಬೆನ್ನಿಗೆ ಕೊಕ್ಕೆ ಹಾಕಿ
ಐರಿನ್ ಟೀಚರೂ ಸರಸಿಜ ಟೀಚರೂ
ಪಿಂಚಣಿ ಬಂದ ಮೇಲೆ ಊರೂರು ಸುತ್ತುವುದು ಅದರಲ್ಲೇ.
ಜೂನ್ ಬಂತೆಂದರೆ ಶಿರಿಯದ ಹಳೇ ಐಸ್ ಪ್ಲಾಂಟಿನೊಳಗೆ
ಎಮ್ಮೆಯ ಹಾಗೆ ತಂದು ಕಟ್ಟುತ್ತಾರೆ.

ಪ್ಲಾಂಟು ನಿಂತು ಹನ್ನೊಂದು ವರ್ಷ.
ಗೋಡೆಯಲ್ಲಿ ಇನ್ನೂ ಇದ್ದಿಲಿನ ಲೆಕ್ಕ ಉಂಟು:
ದೊಡ್ಡ ದೋಣಿ ೪೦, ಕುಂಞಾಲಿ ೧೨, ಬಾಕಿ ೬.
ಐಸು ಯಾವತ್ತೋ ಕರಗಿತು,
ಬಾಕಿ ಕರಗಲಿಲ್ಲ.

ಚಾರ್ಜು ತುಂಬಿದ ಬ್ಯಾಟರಿ ತಂದು ಕೂರಿಸಿದೆ.
ಮೈನಸ್ ತಂತಿ ಬಿಚ್ಚಿ, ನಡುವೆ ಮೀಟರ್ ಸಿಕ್ಕಿಸಿ
ಮುಳ್ಳನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತೆ.
ಸ್ವಿಚ್ಚೆಲ್ಲ ಆಫ್. ಫ್ಯಾನ್ ಇಲ್ಲ, ಪಂಪ್ ಇಲ್ಲ.
ಮುಳ್ಳು ಮಾತ್ರ ಅರ್ಧ ಆಂಪಿಯರಿನ ಹತ್ತಿರ
ತಲೆ ಓರೆ ಮಾಡಿ ನಿಂತಿದೆ,
ಗುಟ್ಟು ಗೊತ್ತಿದ್ದವರ ಹಾಗೆ.

ಒಂದೊಂದೇ ಫ್ಯೂಸ್ ಕೀಳುತ್ತ ಬಂದೆ.
ಗ್ಯಾಸಿನ ವಾಸನೆ ಹಿಡಿಯುವ ಡಬ್ಬಿ: ಒಂದು ಕೂದಲಿನಷ್ಟು ಇಳಿಯಿತು.
ರೇಡಿಯೋ: ಇನ್ನೊಂದು ಕೂದಲು.
(ಕೀಳುವ ಮೊದಲು ಸ್ಟೇಷನ್ನುಗಳ ನಂಬರು ಬರೆದಿಟ್ಟೆ,
ಕರೆಂಟು ತಪ್ಪಿದರೆ ರೇಡಿಯೋಗೆ ಮರೆವು.
ಮೂರನೆಯದ್ದು ಇಲ್ಲಿ ಬರೀ ಗೊರಗೊರ.
ಯಾವ ಊರಿನದ್ದೋ, ಅದನ್ನೂ ಬರೆದೆ.)

ನಾಲ್ಕನೇ ಫ್ಯೂಸಿಗೆ ಮುಳ್ಳು ಧೊಪ್ಪನೆ ಬಿತ್ತು.
ದೀಪದ ಸಾಲು.
ಯಾವ ದೀಪ, ಮಾರಾಯ? ಒಂದೂ ಉರಿಯುತ್ತಿಲ್ಲವಲ್ಲ!

ಫ್ಯೂಸ್ ಮತ್ತೆ ಹಾಕಿ, ಪ್ಲಾಂಟಿನ ಶಟರ್ ಎಳೆದೆ.
ಹೊರಗೆ ಆಟಿಯ ಮಳೆ, ಒಳಗೆ ಬಾವಿಯಂಥ ಕತ್ತಲೆ.
ಕಣ್ಣು ಪಳಗುವ ತನಕ ಕಾದೆ.
ಆಗ ಕಂಡಿತು, ಹಾಸಿಗೆಯ ತಲೆಕಡೆ,
ಕಪಾಟಿನ ಬಾಗಿಲಡಿ
ದಾರದಷ್ಟು ತೆಳ್ಳಗೆ ಹಳದಿ ಗೆರೆ.

ತೆರೆದೆ.
ಎರಡು ಸ್ಟೀಲು ಲೋಟ.
ಇರುವೆ ತಿಂದು ಮುಗಿಸಿದ ಬಿಸ್ಕತ್ತಿನ ಕಾಗದ.
ಖರ್ಚಿನ ಪುಸ್ತಕ, ಮಡಚಿದ ಪುಟ ತನ್ನಷ್ಟಕ್ಕೆ ಬಿಡಿಸಿಕೊಂಡಿತ್ತು:
ಐರಿನ್ ಕೊಡಬೇಕು ೪೦. ಕೆಳಗೆ ಬೇರೆ ಕೈಬರಹ:
ಕೊಟ್ಟಾಯಿತು, ಹಂಪಿಯಲ್ಲಿ, ಎಳನೀರು.
ಅದರ ಕೆಳಗೆ: ಇಲ್ಲ.

ಇಷ್ಟನ್ನು ಬೆಳಗುತ್ತ ಉರಿದದ್ದು
ಹುಣಸೆಬೀಜದಷ್ಟು ಬಲ್ಬು,
ಹಗಲೂ ರಾತ್ರಿ, ಎರಡು ಮಳೆಗಾಲ,
ಬ್ಯಾಟರಿ ಸಾಯುವ ತನಕ.
ತೇವಕ್ಕೆ ಬಾಗಿಲು ಸೊಟ್ಟಗಾಗಿ
ಗುಂಡಿಯನ್ನು ಒತ್ತುತ್ತಿರಲಿಲ್ಲ, ಅಷ್ಟೇ.

ಸೈಕಲ್ ಟ್ಯೂಬಿನ ಚೂರು ಅಂಟಿಸಿ ಮುಚ್ಚಿದೆ.
ಮುಚ್ಚಿದ ಮೇಲೆ ಆರಿತೋ ಇಲ್ಲವೋ
ನೋಡುವುದು ಹೇಗೆ?
ಮುಳ್ಳು ಮಲಗಿತು. ನಂಬಿದೆ.

ಆದರೂ ಪೂರ್ತಿ ನಂಬುವ ಜಾತಿ ನಮ್ಮದಲ್ಲ.
ಬಿಚ್ಚುವಾಗ ಮೈನಸ್ ಮೊದಲು, ಆಮೇಲೆ ಪ್ಲಸ್;
ಕೊಂಬುಗಳಿಗೆ ಗ್ರೀಸು ಸವರಿ
ಬ್ಯಾಟರಿಯನ್ನು ಹಲಗೆಯ ಮೇಲಿಟ್ಟೆ.
ಕಾವಲಿನ ಮೊಯ್ದು ಚಾ ಕಾಯಿಸುವ ಪ್ಲಗ್ಗಿನಲ್ಲಿ
ತಿಂಗಳಿಗೊಮ್ಮೆ ಒಂದು ರಾತ್ರಿ ಚಾರ್ಜು.
ಅವನಿಗೆ ಅಂದು ಚಾ ಇಲ್ಲ,
ಅದಕ್ಕಾಗಿ ನನ್ನ ಫ್ಲಾಸ್ಕು.

ಹೋದಾಗೆಲ್ಲ ವೋಲ್ಟು ನೋಡಿ ಬರೆಯುತ್ತೇನೆ,
ಅದೇ ಗೋಡೆಯಲ್ಲಿ, ಕುಂಞಾಲಿಯ ಬಾಕಿಯ ಕೆಳಗೆ:
೧೨.೭. ೧೨.೬. ೧೨.೬.

ಸರಸಿಜ ಟೀಚರ ಮೊಣಕಾಲಿನ ಆಪರೇಷನ್ ಆಗಿದೆ,
ಚೌತಿ ಕಳೆದು ಹೊರಡುತ್ತಾರಂತೆ.
ಅಂದು ಪ್ಲಸ್ ಮೊದಲು, ಮೈನಸ್ ಕೊನೆಗೆ.
ಸ್ಟೇಷನ್ ಮೂರನ್ನೂ ಕೂರಿಸಿ ಕೊಡುತ್ತೇನೆ.
ಗಡಿಯಾರಕ್ಕೆ ಮಾತ್ರ ಕೈ ಹಾಕುವುದಿಲ್ಲ.
ಒಬ್ಬರಿಗೆ ಐದು ನಿಮಿಷ ಮುಂದೆ ಬೇಕು,
ಇನ್ನೊಬ್ಬರಿಗೆ ಸರಿಯಾದ ಹೊತ್ತು.
ಅದು ಹನ್ನೆರಡರಲ್ಲಿ ಮಿಣಮಿಣ ಅನ್ನುತ್ತಿರಲಿ,
ಅವರ ಜಗಳ ಶುರುವಾಗುವ ತನಕ.