ಒಂಬತ್ತು ಬೆರಳು

ಮೂವತ್ತೊಂದು ವರ್ಷ
ಇನ್ನೊಬ್ಬರ ಉಗುರಿನ ಬಣ್ಣ ಅಳಿಸಿದವಳು ನಾನು,
ಆಪರೇಶನ್ ಕೋಣೆಯ ಹೊರಗೆ, ಅಸಿಟೋನಿನ ಹತ್ತಿ ಹಿಡಿದು:
ಹೆರಿಗೆಗೆ ಬಂದವಳ ಕೆಂಪು, ಅಪೆಂಡಿಕ್ಸಿನ ಹುಡುಗಿಯ ನೀಲಿ,
ಮದುವೆಯಾಗಿ ಹದಿನೇಳು ದಿನವಾದವಳ ಮಿಣುಕು ಪುಡಿ.
ಬಣ್ಣವಿದ್ದರೆ ಬೆರಳು ಕಚ್ಚಿದ ಕ್ಲಿಪ್ಪಿಗೆ
ಉಸಿರಿನ ಲೆಕ್ಕ ತಪ್ಪುತ್ತದೆ.
"ಮತ್ತೆ ಹಚ್ಕೋಬಹುದು ಕಣಮ್ಮ" ಅನ್ನುತ್ತಿದ್ದೆ.
ಹಚ್ಚಿಕೊಂಡರೋ ಇಲ್ಲವೋ,
ಯಾರೂ ಬಂದು ತೋರಿಸಲಿಲ್ಲ.

ನನ್ನವು ಕತ್ತರಿಸಿ ಕತ್ತರಿಸಿ
ಬೆರಳಿಗಿಂತ ಹಿಂದೆ ಸರಿದು ಕೂತಿದ್ದವು,
ರಜೆ ಕೇಳಲು ಹೆದರುವ ಹೊಸ ಹುಡುಗಿಯರ ಹಾಗೆ.

ಫೆಬ್ರವರಿ ಕೊನೆಗೆ ಹಾರ, ಶಾಲು, ಒಂದು ಗೋಡೆ ಗಡಿಯಾರ.
ಮಾರ್ಚ್ ಪೂರ್ತಿ ಬಿಟ್ಟೆ. ಬೆಳೆದವು.

ದುರ್ಗಿಗುಡಿಯ ಮೊದಲ ಅಂಗಡಿಯಲ್ಲಿ
ಕನ್ನಡಿಗಿಂತ ದೊಡ್ಡದು ಸರ್ಟಿಫಿಕೇಟು.
ಸಹಿ ಇತ್ತು, ಚಿನ್ನದ ಮುದ್ರೆ ಇತ್ತು,
ಎದ್ದುಹೋದವಳ ಉಗುರಿನ ಬಿಳಿ ಪುಡಿ ಅರದ ಮೇಲಿತ್ತು.
ಅದೇ ಅರ ನನ್ನ ಕಡೆ ಬಂತು.
ಪರ್ಸು ಮರೆತೆ ಅಂದೆ.

ನೆಹರೂ ರಸ್ತೆಯದು ಏಸಿ. ಕಾಫಿ ಕೊಟ್ಟರು.
ಹುಡುಗ ಚುರುಕು. ಪಕ್ಕದ ಕುರ್ಚಿಯವಳ ಉಗುರಿನ ಬುಡದ ಚರ್ಮವನ್ನು
ಹುರುಳಿಕಾಯಿಯ ನಾರಿನ ಹಾಗೆ ಎಳೆದೆಳೆದು ತೆಗೆಯುತ್ತಿದ್ದ.
"ಅದು ಬಾಗಿಲು ಕಣಪ್ಪ, ಕಿತ್ತರೆ ಕೀವು ಕಟ್ಟುತ್ತೆ."
"ಇದು ಇಟಾಲಿಯನ್ ಮೆಥಡ್ಡು ಮೇಡಂ."
ಕೀವಿಗೆ ಇಟಲಿ ಗೊತ್ತಿಲ್ಲ.
ಕಾಫಿ ಚೆನ್ನಾಗಿತ್ತು, ಕುಡಿದು ಬಂದೆ.

ಸವಳಂಗ ರಸ್ತೆಯಲ್ಲಿ ರವಿಕೆ ಹೊಲಿಯುವವನ ಮೇಲಿನ ಮಹಡಿ.
ಮೆಟ್ಟಿಲು ಹತ್ತುವಾಗಲೇ ಕುಕ್ಕರಿನ ಸೀಟಿ.
ಊಟದ ಹೊತ್ತಿಗೆ ಬಂದೆನಲ್ಲ ಎಂದು ನಾಚಿದೆ.
ಮುಬೀನಾ, ಭದ್ರಾವತಿಯವಳು, ಮುಚ್ಚಳ ತೆಗೆದರೆ
ಒಳಗೆ ಅನ್ನವಲ್ಲ,
ಬಟ್ಟೆಯಲ್ಲಿ ಸುತ್ತಿದ ಕತ್ತರಿ, ಚಿಮಟ.
"ಎಷ್ಟು ಹೊತ್ತು?"
"ಸೀಟಿ ಆದ್ಮೇಲೆ ಸಣ್ಣ ಉರೀಲಿ ಇಪ್ಪತ್ತು ನಿಮಿಷ, ಆಂಟಿ."
ಈ ಪ್ರಶ್ನೆಗೆ ತಡವರಿಸಿದ ಟ್ರೇನಿಗಳನ್ನು
ನಾನು ಎಷ್ಟೋ ಕಂಡಿದ್ದೇನೆ.

ಅರ ಒಬ್ಬೊಬ್ಬರಿಗೆ ಒಂದು, ಹತ್ತು ರೂಪಾಯಿ ಬೇರೆ.
ಮೊಣಕೈವರೆಗೆ ಕೈ ತೊಳೆದು ಬಂದವಳು
ಬಣ್ಣದ ಪೆಟ್ಟಿಗೆ ತೆರೆಯಲಿಲ್ಲ,
ನನ್ನ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
ಒಂದು ಉಗುರು ಒತ್ತಿ ಬಿಟ್ಟಳು.
ಬೆಳ್ಳಗಾಯಿತು. ಮತ್ತೆ ಕೆಂಪು.

ಆ ಒತ್ತು ನನ್ನದು.
ಎಷ್ಟು ರಾತ್ರಿ ಎಷ್ಟು ಬೆರಳು ಒತ್ತಿ
ಕೆಂಪು ಮರಳುವುದನ್ನು ಕಾದಿದ್ದೇನೆ,
ಮರಳದಿದ್ದಾಗ ಗಡಿಯಾರ ನೋಡಿ ಬರೆದಿದ್ದೇನೆ.
ನನ್ನದನ್ನು ಒತ್ತಿ ನೋಡಿದವರು
ಇವಳೇ ಮೊದಲು.

"ಎಲ್ಲದ್ರಲ್ಲೂ ಅಡ್ಡ ಗೆರೆ ಇದೆ.
ಮೂರ್ನಾಕು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ?"
ಬಂದಿತ್ತು. ಮಾತ್ರೆ ನುಂಗಿ ಡ್ಯೂಟಿಗೆ ಹೋಗಿದ್ದೆ,
ಯಾರಿಗೂ ಹೇಳಿರಲಿಲ್ಲ.
"ಈ ಹೆಬ್ಬೆಟ್ಟು ಹಳದಿಯಾಗಿ ಎದ್ದಿದೆ ನೋಡಿ.
ಇದಕ್ಕೆ ಹಾಕಲ್ಲ. ಚರ್ಮದ ಡಾಕ್ಟ್ರಿಗೆ ತೋರ್ಸಿ.
ಮುಚ್ಚೋಕೆ ನಂಗೆ ಬರುತ್ತೆ. ಮುಚ್ಚಬಾರ್ದು."

ನರ್ಸ್ ಆಗಿದ್ದೆ ಅಂತ ಹೇಳಲಿಲ್ಲ.
ಹೇಳಿದರೆ ಅವಳ ಕೈ ನಡುಗಬಹುದಿತ್ತು,
ಅಥವಾ ನನ್ನದು.

ಆಮೇಲೆ ತೆರೆಯಿತು ಪೆಟ್ಟಿಗೆ. ನೂರಾರು ಸೀಸೆ.
ಹಸಿರು ಬೇಡ, ಅದು ಥಿಯೇಟರಿನ ಗೌನು.
ನೇರಳೆ ಗಾಯಕ್ಕೆ ಹಚ್ಚುವ ಔಷಧಿ.
ಕೆಂಪಂತೂ, ಬಿಡಿ.
ಮೂಲೆಯಲ್ಲಿತ್ತು, ಯಾವ ವಾರ್ಡಿನಲ್ಲೂ ನಾನು ಕಾಣದ್ದು:
ಮಾವಿನ ಎಳೆ ಚಿಗುರಿನ ತಾಮ್ರ.

ಹಚ್ಚಿದಳು, ದೀಪದ ಗೂಡಿನಲ್ಲಿ ಒಣಗಿಸಿದಳು,
ಒಂಬತ್ತರದ್ದೇ ದುಡ್ಡು ಕೇಳಿದಳು.

ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೆ,
ಸೀಟು ಖಾಲಿಯಿದ್ದರೂ.
ಕಾಲೇಜಿನ ಹುಡುಗಿಯೊಬ್ಬಳು ನೋಡಿ ನೋಡಿ ಅಂದಳು:
"ಆಂಟಿ, ಒಂದು ಬಿಟ್ಟೋಗಿದೆ."

"ಬಿಟ್ಟಿದ್ದಕ್ಕೇ ಐವತ್ತು ಜಾಸ್ತಿ ಕೊಟ್ಟೆ" ಅಂದೆ.