ಇಪ್ಪತ್ತು ಕಲ್ಲು

ನಮ್ಮೂರಲ್ಲಿ ಮೈಯನ್ನು ಕಲ್ಲಿನ ಲೆಕ್ಕದಲ್ಲಿ ತೂಗುತ್ತಾರೆ.
ಸ್ವಾನ್ಸೀಯ ಆಸ್ಪತ್ರೆಯ ನರ್ಸು ಮುಳ್ಳು ನೋಡಿ
‘ಇಪ್ಪತ್ತು ಸ್ಟೋನ್, ಮೇಲೆ ಮೂರು ಪೌಂಡ್’ ಅಂದಳು,
ಆಲೂಗಡ್ಡೆಯ ಬೆಲೆ ಹೇಳಿದ ಹಾಗೆ.
ಇಪ್ಪತ್ತು ಕಲ್ಲು.
ಯಾವ ಗೋಡೆಯಿಂದ ಕಿತ್ತು ತಂದೆನೋ,
ಏನು ಕಟ್ಟಬೇಕೆಂದಿದ್ದೆನೋ.

ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದವಳು ನಾನು.
ಓಡಿಸುವುದು ಗೊತ್ತು. ಓಡುವುದು ಗೊತ್ತಿಲ್ಲ.
ಸ್ಟಿಯರಿಂಗಿಗೂ ಹೊಟ್ಟೆಗೂ ನಡುವೆ
ಮೊದಮೊದಲು ಒಂದು ಗೇಣು, ಆಮೇಲೆ ಒಂದು ಬೆರಳು,
ಆಮೇಲೆ ಬರೀ ಮರ್ಯಾದೆ.

ಓಡುವವರನ್ನು ಕನ್ನಡಿಯಲ್ಲಿ ಕಂಡಿದ್ದೇನೆ:
ಚೀಲ ಕುಣಿಸುತ್ತ, ಟೋಪಿ ಅದುಮಿಕೊಂಡು,
ನನ್ನ ಬಾಗಿಲಿನತ್ತ.
ಕೆಲವರಿಗೆ ಕಾದೆ. ಕೆಲವರಿಗೆ ಕಾಯಲಿಲ್ಲ. ಹೊತ್ತು ಕಂಪನಿಯದು.
ಒಬ್ಬ ದಪ್ಪ ಹುಡುಗ, ಶಾಲೆಯ ಹಸಿರು ಕೋಟು,
ಬಂದೇಬಿಟ್ಟಿದ್ದ, ಅವನ ಉಬ್ಬಸ ಗಾಜಿಗೆ ತಾಗಿತ್ತು.
ಬಿಟ್ಟು ಹೊರಟೆ.
ಯಾಕೆಂದು ಈಗಲೂ ಕೇಳಬೇಡಿ.

ಮಾರ್ಚಿ. ಬೆಳಗಿನ ಐದೂಕಾಲು.
ಸಮುದ್ರ ಹಿಂದೆ ಸರಿದು ಕೆಸರು ಮಿನುಗುವ ಹೊತ್ತು.
ತಮ್ಮನ ಹಳೆಯ ರಗ್ಬಿ ಜೆರ್ಸಿ ತೊಟ್ಟೆ.
ನಮ್ಮ ಮನೆಯ ಮೈಕಟ್ಟಿಗೆ
ಊರು ಚಪ್ಪಾಳೆ ತಟ್ಟಿದ್ದು ಆ ಒಂದು ಬಟ್ಟೆಯಲ್ಲಿ ಮಾತ್ರ.

‘ಒಂದು ನಿಮಿಷ ಓಡು, ಒಂದೂವರೆ ನಿಮಿಷ ನಡೆ’
ಎಂದಿತ್ತು ಚೀಟಿಯಲ್ಲಿ.
ಒಂದು ನಿಮಿಷದೊಳಗೆ ಇಷ್ಟೊಂದು ಜಾಗ ಇದೆಯೆಂದು
ಯಾರೂ ಹೇಳಿರಲಿಲ್ಲ.
ಮೊದಲು ಕಾಲು ನೆಲ ಮುಟ್ಟುತ್ತದೆ,
ಆಮೇಲೆ ಹೊಟ್ಟೆ ಬಂದಿಳಿಯುತ್ತದೆ,
ಅದಾದಮೇಲೆ ಎದೆ;
ಎಲ್ಲರಿಗಿಂತ ಕೊನೆಗೆ ನಾನು,
ಹಿಂದಿನ ಸೀಟಲ್ಲಿ ನಿದ್ದೆಹೋದವಳು ಎದ್ದುಬಂದ ಹಾಗೆ.
ತೊಡೆಯ ಸಂದಿಯಲ್ಲಿ ಬೆಂಕಿಕಡ್ಡಿ ಗೀರಿದಂತೆ ಉರಿ.
ಮುದುಕ ಇದ್ವಾಲನ ಕುಂಟುನಾಯಿ ನನ್ನನ್ನು ಹಿಂದೆ ಹಾಕಿತು.
ಅದು ನಡೆಯುತ್ತಿತ್ತು.

ತೂಕ ಇಳಿಯಿತೇ ಅಂತೀರಿ.
ಮೂರು ಪೌಂಡು ಹೋಯಿತು.
ಕಲ್ಲುಗಳು ಇದ್ದಲ್ಲೇ ಇವೆ, ಇಪ್ಪತ್ತೂ.

ಆದರೆ ಆರನೇ ವಾರದ ಹೊತ್ತಿಗೆ
ದೀಪದ ಕಂಬದಿಂದ ದೀಪದ ಕಂಬಕ್ಕೆ ಎಂಬುದು ಹೋಗಿ
ಸ್ಟಾಪಿನಿಂದ ಸ್ಟಾಪಿಗೆ ಬಂದಿದ್ದೆ.
ಬಸ್ಸಿನಲ್ಲಿ ನಲವತ್ತು ಸೆಕೆಂಡಿನ ದಾರಿ.
ಅಲ್ಲೊಂದು ಏರು ಇದೆಯಂತೆ!
ಗೇರಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ.

ಆವತ್ತು ಏರಿನ ನಡುವೆ
ಹೆಫಿನನ ಮೊದಲ ಬಸ್ಸು ನನ್ನನ್ನು ದಾಟಿತು,
ಕೆಂಪು ದೀಪ ಹೊತ್ತಿಸಿ ಸ್ಟಾಪಿನಲ್ಲಿ ನಿಂತಿತು,
ಉಸ್ಸೆಂದು ಬಾಗಿಲು ತೆರೆಯಿತು.
‘ಬಾ ಗ್ಲೆನಿಸ್, ಕಾಯ್ತೀನಿ!’

ಹೋಗು ಅನ್ನಲು ಉಸಿರಿಲ್ಲ.
ಹೋಗು ಎಂದು ಕೈ ಬೀಸಿದೆ.
ತಾಳು ಎಂದುಕೊಂಡ, ಪುಣ್ಯಾತ್ಮ.
ಕಿಟಕಿಯಲ್ಲಿ ಮೂರು ಮುಖ, ಒಂದು ಬನ್ನು ಅಗಿಯುತ್ತಿದೆ.
ನಡೆದರೆ ಅವಮಾನ, ನಿಂತರೆ ಇನ್ನೂ ಅವಮಾನ,
ಓಡಿದೆ.
ಮೈಯೆಲ್ಲ ಬೇರೆಬೇರೆ ದಿಕ್ಕಿಗೆ ಹೊರಟರೂ
ಒಟ್ಟಿನಲ್ಲಿ ಮುಂದಕ್ಕೇ ಹೋಗುತ್ತಿತ್ತು.
ಬಾಗಿಲ ಕಂಬಿ ಹಿಡಿದೆ.
‘ಬಸ್ಸಿಗಲ್ಲ.’
‘ಮತ್ತೆ?’
‘ಸುಮ್ನೆ. ಓಡ್ತಾ ಇದ್ದೀನಿ.’

ಅವನು ನನ್ನ ಬೂಟು ನೋಡಿದ, ಜೆರ್ಸಿ ನೋಡಿದ,
ಅಷ್ಟು ಹೊತ್ತೂ ನನ್ನ ಉಬ್ಬಸ ಗಾಜಿನ ಮೇಲೆ
ಮಂಜಾಗಿ ಕೂತಿತ್ತು.
ಆ ಹುಡುಗನಿಗೆ ಈಗ ಇಪ್ಪತ್ತೈದು ದಾಟಿರಬೇಕು.

ಮಧ್ಯಾಹ್ನ ಡಿಪೋದಲ್ಲಿ ಸಹಿ ಹಾಕುವಾಗ
ಹೆಫಿನನ ಸಾಲಿನ ಮೇಲೆ ಕಣ್ಣು ಬಿತ್ತು.
ತಡ: ಎರಡು ನಿಮಿಷ.
ಕಾರಣ: ಪ್ರಯಾಣಿಕಳು ಹತ್ತಲಿಲ್ಲ.