ವಿಚಾರಣೆ ಕಿಟಕಿ

ಚಿಕ್ಕಮಗಳೂರು ಬಸ್ ನಿಲ್ದಾಣ.
ಕಂಬಿಯ ಒಳಗೆ ನಾನು, ಒಂದು ಮೈಕು,
ಐದು ನಿಮಿಷ ಹಿಂದಿರುವ ಗಡಿಯಾರ.
ಬೇಲೂರು ಮುಕ್ಕಾಲು ಗಂಟೆ, ಕಡೂರು ಒಂದು,
ಶೃಂಗೇರಿ ಕೇಳಬೇಡಿ, ಅದು ಬಾಳೆಹೊನ್ನೂರಿನ ತಿರುವುಗಳು ಹೇಳಿದಂತೆ.
ಹತ್ತೊಂಬತ್ತು ವರ್ಷದಿಂದ ನನ್ನ ಬಾಯಲ್ಲಿರುವುದು
ಇಷ್ಟೇ ಭೂಗೋಳ.

ಕಂಬಿಯ ಆಚೆ ಆಕೆ ಕೈ ಇಟ್ಟಳು.
ಉಗುರು ಸಂದಿಯಲ್ಲಿ ಬೂದು ಹೊಟ್ಟು.
ಕ್ಯೂರಿಂಗ್ ವರ್ಕ್ಸಿನಲ್ಲಿ ಕಪ್ಪು ಬೀಜ ಹೆಕ್ಕುವವಳಿರಬೇಕು.
"ಸಾರ್, ಆಡಿಸ್ ಅಬಾಬದಿಂದ
ಸಾವೊ ಪಾಲೊಗೆ ಎಷ್ಟೊತ್ತು?"

ಗೋಡೆಯ ವೇಳಾಪಟ್ಟಿ ನೋಡಿದೆ.
ನಿಜವಾಗಲೂ ನೋಡಿದೆ. ಅಭ್ಯಾಸ.

"ನಮ್ಮನೆಯವ್ರು ಗ್ರೇಡಿಂಗ್ ಮಿಷಿನ್ ಫಿಟ್ಟರು.
ಅಲ್ಲಿ ಜಾಲರಿ ಕೂರಿಸಿ ಆಯ್ತಂತೆ,
ಇನ್ನು ಅಲ್ಲಿಗಂತೆ."
ಅಲ್ಲಿಂದ ಅಲ್ಲಿಗೆ.
ನಡುವೆ ಎಲ್ಲೂ ಇಲ್ಲಿ ಇಲ್ಲ.

"ಯಾವಾಗ ಬರ್ತಾರೆ ಅಂತ ಕೇಳ್ತಿಲ್ಲ ಸಾರ್.
ಫೋನು ಎಷ್ಟೊತ್ತು ಆರಿರುತ್ತೆ, ಅಷ್ಟು ಹೇಳಿ.
ಹೋದ್ಸಲ ಯಾರೂ ಹೇಳಿರ್ಲಿಲ್ಲ.
ಒಂದಿಡೀ ಹಗಲು
ಒಳ್ಳೆ ಬೀಜಾನೂ ಎಸೆದುಬಿಟ್ಟೆ."

ಮೊಬೈಲು ತೆಗೆದೆ. ಹಿಂದೆ ತರೀಕೆರೆಯವರ ಸಾಲು ಗೊಣಗಿತು.
ಹತ್ತು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ.
ಹನ್ನೆರಡು ಗಂಟೆ.
ಏನೂ ಹೇಳದವನನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ನಮ್ಮ ಕಡೂರು ಗಾಡಿ
ಇನ್ನೂರೈವತ್ತು ಸಲ ಓಡಿದಷ್ಟು" ಅಂದೆ.
"ಹೋಗಿ ಬರೋದಾ, ಬರೀ ಹೋಗೋದಾ?"
"ಬರೀ ಹೋಗೋದು."
ತರೀಕೆರೆಯವರೂ ಸುಮ್ಮನಾದರು.

ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದರೆ
ಇಳಿಯುವ ಊರಲ್ಲಿ ಮಧ್ಯಾಹ್ನ ಮೂರು.
"ಹಂಗಾದ್ರೆ ಆರೇ ಗಂಟೆ ಆಯ್ತಲ್ಲ,
ಮಿಕ್ಕ ಆರು ಎಲ್ಲಿ ಹೋಯ್ತು?"
"ಸೂರ್ಯ ಹೋಗೋ ಕಡೆಗೇ ಅವರೂ ಓಡ್ತಾರೆ"
ಎಂದೇನೋ ಹೇಳಿದೆ, ನನಗೇ ಅರ್ಧ ತಿಳಿಯದೆ.
"ನಿಮ್ಮ ಲೆಕ್ಕಕ್ಕೆ ಹನ್ನೆರಡೇ ಅಮ್ಮ.
ಹಗಲು ಹನ್ನೊಂದೂವರೆಗೆ ಆರಿದರೆ
ರಾತ್ರಿ ಹನ್ನೊಂದೂವರೆಗೆ ಹತ್ತುತ್ತೆ."

ಹಳೆ ಟ್ರಿಪ್ ಶೀಟಿನ ಬೆನ್ನಿಗೆ ಬರೆದುಕೊಟ್ಟೆ:
ಗುರುವಾರ. 11.30. 11.30. ನೇರ. ನಿಲುಗಡೆ ಇಲ್ಲ.
ನಾಲ್ಕಾಗಿ ಮಡಚಿ ಊಟದ ಡಬ್ಬಿಯೊಳಗಿಟ್ಟು
ಆಲ್ದೂರಿನ ಬಸ್ಸಿಗೆ ಓಡಿದಳು.
ಹೆಸರು ಕೇಳಲಿಲ್ಲ. ಇಲ್ಲಿ ಯಾರದೂ ಕೇಳುವುದಿಲ್ಲ.

ಗುರುವಾರ ನನ್ನ ಪಾಳಿ ಹತ್ತಕ್ಕೇ ಮುಗಿಯಿತು.
ಮನೆಗೆ ಹೋಗದೆ ಅಲ್ಲೇ ಕಾದೆ ಎಂದರೆ ಸುಳ್ಳಾದೀತು.
ಹೋದೆ, ಉಂಡೆ,
ಮೊಸರು ಹುಳಿಯೆಂದು ಹೇಮಾವತಿಯ ಹತ್ತಿರ ಜಗಳವನ್ನೂ ಆಡಿದೆ.
ಹನ್ನೊಂದೂವರೆಗೆ ಮಾತ್ರ ಎಚ್ಚರವಿತ್ತು.
ಎಲ್ಲೋ ಒಂದು ಗಾಡಿ ನಿಂತ ಹಾಗೆ,
ಕಂಡಕ್ಟರು ಅದರ ತಗಡನ್ನು
ಎರಡು ಸಲ ಬಡಿದ ಹಾಗೆ.

ತಲುಪಿದೆ ಎಂದು ಹೇಳಲು
ವಿಚಾರಣೆ ಕಿಟಕಿಗೆ ಯಾರೂ ವಾಪಸು ಬರುವುದಿಲ್ಲ.
ಬಂದರೂ ಬರೆದುಕೊಳ್ಳಲು
ರಿಜಿಸ್ಟರಿನಲ್ಲಿ ಅದಕ್ಕೊಂದು ಖಾನೆಯಿಲ್ಲ.

ಶುಕ್ರವಾರ, ಕಡೂರಿನ ಮೊದಲ ಗಾಡಿ.
ಎಂದಿನಂತೆ ಮೈಕಿನಲ್ಲಿ ಕೂಗಿದೆ.
ಡ್ರೈವರ್ ಕೆಂಚಪ್ಪ ಕಿಟಕಿಯಿಂದ ಕೈ ಎತ್ತಿ
ಗೇಟು ದಾಟಿದ.

ಇನ್ನು ಇನ್ನೂರ ನಲವತ್ತೊಂಬತ್ತು.